ಬಲಿಪೀಠದ ಜಾಗ ಮೊದಲು, ಬೆಂಚಿನ ಲೆಕ್ಕ ಆಮೇಲೆ

ಹಳೇ ಕಥೋಲಿಕ ಚರ್ಚಿನ ನವೀಕರಣವೆಂದರೆ ಧರ್ಮಕೇಂದ್ರದ ಸಮಿತಿಯವರು ಮೊದಲು ಕೇಳುವುದು, ಇನ್ನೆಷ್ಟು ಜನ ಹಿಡಿಸಬಹುದು ಎಂದು. ಆ ಲೆಕ್ಕ ಕೊನೆಗೆ ಬರಬೇಕು. ಬಲಿಪೀಠ (ಗುರುಗಳು ಪೂಜೆ ಅರ್ಪಿಸುವ ಮೇಜು), ಬೈಬಲ್ ಓದುವ ವಾಚನ ಪೀಠ, ಗುರುಗಳ ಕುರ್ಚಿ, ಪರಮಪ್ರಸಾದಕ್ಕೆ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಗೆ) ಜನ ಬಂದು ಹೋಗುವ ದಾರಿ ಇವು ಗೊತ್ತಾಗದೆ ಬಡಗಿಗೆ ಆರ್ಡರ್ ಕೊಟ್ಟರೆ ಬೆಂಚುಗಳು ಪೂಜೆಗೇ ಅಡ್ಡ ನಿಲ್ಲುತ್ತವೆ.

ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದಾಗಲೇ, 1964ರಲ್ಲಿ, ಮುಖ್ಯ ಬಲಿಪೀಠ ಗೋಡೆಯಿಂದ ಬಿಡಿಯಾಗಿರಲಿ, ಸುತ್ತ ನಡೆದಾಡಲು ಬರಲಿ, ಜನರತ್ತ ಮುಖಮಾಡಿ ಪೂಜೆ ಅರ್ಪಿಸುವಂತಿರಲಿ ಎಂಬ ಸೂಚನೆ ರೋಮ್‌ನಿಂದ ಬಂತು. ಆದರೆ ಗೋಡೆಗೆ ಅಂಟಿದ ಕೆತ್ತನೆಯ ಹಳೇ ಪೀಠವನ್ನು ಒಡೆಯಲೇಬೇಕು ಎಂದು ಯಾರೂ ಹೇಳಿಲ್ಲ. ಕಲಾಮೌಲ್ಯ ಕೆಡದಂತೆ ಅದನ್ನು ಸರಿಸಲಾಗದಿದ್ದರೆ ಮುಂದೆ ಇನ್ನೊಂದು ಸ್ಥಿರ ಪೀಠ ಕಟ್ಟಿ, ಪೂಜೆಯನ್ನೆಲ್ಲ ಅಲ್ಲೇ ಮಾಡಬೇಕು, ಹಳೆಯದಕ್ಕೆ ವಿಶೇಷ ಅಲಂಕಾರ ಮಾಡಬಾರದು ಎಂದು ಪೂಜಾಗ್ರಂಥದ ಸಾಮಾನ್ಯ ನಿರ್ದೇಶನ ಸ್ಪಷ್ಟವಾಗಿ ಹೇಳುತ್ತದೆ. ಈ ಕೊನೆಯ ಮಾತನ್ನೇ ಎಲ್ಲರೂ ಮರೆಯುತ್ತಾರೆ. ಹಿಂದಿನ ಪೀಠಕ್ಕೆ ಸೀರಿಯಲ್ ಲೈಟು, ಮುಂದಿನದಕ್ಕೆ ಮಬ್ಬು ಬೆಳಕು ಇದ್ದರೆ ಕಣ್ಣು ಗುರುಗಳ ಕೈಯನ್ನು ಬಿಟ್ಟು ಹಿಂದಕ್ಕೇ ಹೋಗುತ್ತದೆ.

ಹೊಸ ಪೀಠದ ಎತ್ತರ 38–39 ಇಂಚು, ಸುತ್ತ ಕನಿಷ್ಠ 4 ಅಡಿ ಬಯಲು. ಧೂಪ ಹಾಕುತ್ತಾ ಸುತ್ತು ಬರುವಾಗ ನಿಲುವಂಗಿ ಮೆಟ್ಟಿಲಿಗೆ ಸಿಕ್ಕಬಾರದು. ವೇದಿಕೆಗೆ 6 ಇಂಚಿನ ಮೂರು ಮೆಟ್ಟಿಲು ಸಾಕು. ಪೀಠದ ಮೇಲ್ಮೈ ಸಭಾಂಗಣದ ನೆಲದಿಂದ ಸುಮಾರು 57 ಇಂಚು ಎತ್ತರಕ್ಕೆ ಬರುತ್ತದೆ. ಕೂತವರ ಕಣ್ಣು ಸುಮಾರು 46 ಇಂಚಿನಲ್ಲಿರುವುದರಿಂದ ಮುಂದಿನವರ ತಲೆಯ ಮೇಲಿಂದ ಪೂಜಾಪಾತ್ರೆ ಕಾಣುತ್ತದೆ. ಇನ್ನೂ ಕಾಣಲಿ ಎಂದು ಐದಾರು ಮೆಟ್ಟಿಲು ಕಟ್ಟಿದರೆ ವಾಚನ ಓದುವ ವಯಸ್ಸಾದವರು ಹತ್ತಲಾರರು. ವೀಲ್‌ಚೇರಿಗೆ 1:12ರ ಇಳಿಜಾರು ಹಾಕಿದರೆ 18 ಇಂಚಿಗೇ 18 ಅಡಿ ಉದ್ದ ಬೇಕು. ಎಷ್ಟೋ ಕಡೆ ನೋಟಕ್ಕೆ ಅಡ್ಡಿಯಾಗುವುದು ಪೀಠದ ಮೇಲಿಟ್ಟ ಎತ್ತರದ ಹೂದಾನಿ. ಹೂವು ಮಿತವಾಗಿ, ಪೀಠದ ಸುತ್ತ ಇರಬೇಕೇ ಹೊರತು ಮೇಲಲ್ಲ.

ಪರಮಪ್ರಸಾದದ ಪೆಟ್ಟಿಗೆ ಪೂಜೆ ನಡೆಯುವ ಪೀಠದ ಮೇಲಿರಬಾರದು. ಹಳೇ ಪೀಠ ಅದಕ್ಕೆ ಒಳ್ಳೆಯ ಜಾಗ, ಆದರೆ ಗುರುಗಳ ಕುರ್ಚಿಯನ್ನು ಅದರ ನೇರಕ್ಕೆ ಇಟ್ಟರೆ ಪೂಜೆಯುದ್ದಕ್ಕೂ ಅವರ ಬೆನ್ನು ಅತ್ತಲೇ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ.

ಇನ್ನು ಬೆಂಚಿನ ವಿನ್ಯಾಸ. 30 ಅಡಿ ಅಗಲ, 100 ಅಡಿ ಉದ್ದದ ಸಭಾಂಗಣದಲ್ಲಿ ಕೊನೆಯ ಬೆಂಚು ಸುಮಾರು 100 ಅಡಿ ದೂರ. ಅದೇ 3,000 ಚದರ ಅಡಿಯನ್ನು ಪೀಠದ ಸುತ್ತ ಅರ್ಧವೃತ್ತವಾಗಿ ಜೋಡಿಸಿದರೆ ಯಾರೂ 44 ಅಡಿಗಿಂತ ದೂರ ಇರುವುದಿಲ್ಲ. ಹಿಂದೆ ಕೂತವರೂ ಬಾಯಿಬಿಟ್ಟು ಉತ್ತರ ಹೇಳುವುದು, ಹಾಡುವುದು ಇಂಥ ಕಡೆ ಹೆಚ್ಚು. ಹಾಗಂತ ಪೂರ್ತಿ ವೃತ್ತಕ್ಕೆ ನಮ್ಮ ಒಪ್ಪಿಗೆಯಿಲ್ಲ. 1967ರ ಲಿವರ್‌ಪೂಲ್ ಮಹಾದೇವಾಲಯದಂತೆ ಪೀಠ ನಟ್ಟನಡುವೆ ಇದ್ದರೆ ಯಾರಿಗಾದರೂ ಗುರುಗಳ ಬೆನ್ನು ಕಾಣಲೇಬೇಕು. ಅರ್ಧವೃತ್ತದಲ್ಲೂ ಬೆಂಚುಗಳು ನಡು ಅಕ್ಷದಿಂದ ಎರಡೂ ಕಡೆ 60 ಡಿಗ್ರಿ ದಾಟದಿದ್ದರೆ ಒಳ್ಳೆಯದು. ಆಚೆ ಕೂತವರು ಎದುರಿನವರ ಮುಖ ನೋಡುತ್ತಾ ಕೂರುತ್ತಾರೆ. ಬಾಗಿದ ಬೆಂಚು ದುಬಾರಿ. ನೇರ ಬೆಂಚನ್ನೇ ಓರೆಯಾಗಿ ತುಂಡುತುಂಡಾಗಿ ಜೋಡಿಸಿ.

ಬೆಂಚಿನಿಂದ ಬೆಂಚಿಗೆ 36–38 ಇಂಚು ಬಿಡಿ. ಒಂದು ಸಾಲು ಹೆಚ್ಚು ಸಿಗಲೆಂದು 33ಕ್ಕೆ ಇಳಿಸಿದರೆ ಮಂಡಿಯೂರಲು ಜಾಗ ಸಾಲದು. ಜನ ಮಂಡಿ ಹಲಗೆಯ ಮೇಲೆ ಕಾಲಿಟ್ಟು, ಬೆನ್ನ ಹಿಂದಿನ ಬೆಂಚಿನ ಅಂಚಿಗೆ ಅರ್ಧ ಕೂತೇ ಇರುತ್ತಾರೆ. ಅದು ಭಕ್ತಿಯ ಕೊರತೆಯಲ್ಲ, ಅಳತೆಯ ತಪ್ಪು.

ನಡುದಾರಿ 6 ಅಡಿ ಬೇಕು: ಶವಪೆಟ್ಟಿಗೆ ಹೊತ್ತವರು, ಮದುವೆ ಜೋಡಿ, ಪರಮಪ್ರಸಾದದ ಎರಡು ಸಾಲು, ಎಲ್ಲಕ್ಕೂ ಅದೇ ದಾರಿ. ಪಕ್ಕದಲ್ಲಿ 4 ಅಡಿ ಇದ್ದರೆ ಹಿಂದಿರುಗುವವರು ಎದುರಾಗುವುದಿಲ್ಲ. 400 ಜನ, ಒಬ್ಬರಿಗೆ 5 ಸೆಕೆಂಡ್ ಎಂದರೆ ಎರಡು ಸಾಲಿಗೆ ಸುಮಾರು 17 ನಿಮಿಷ, ಪಕ್ಕದ ದಾರಿಗಳಲ್ಲಿ ಇನ್ನೆರಡು ಸೇರಿ ನಾಲ್ಕಾದರೆ 8 ಚಿಲ್ಲರೆ. ಗಾಯನವೃಂದವನ್ನು ಪಕ್ಕದ ದಾರಿಯಲ್ಲಿ ಕೂರಿಸಿದರೆ ಆ ಎರಡು ಸಾಲು ಹೋದಂತೆಯೇ.

ನೆಲದಲ್ಲಿ ಕೂತು ಪೂಜೆಯಲ್ಲಿ ಭಾಗವಹಿಸಲು 1969ರಿಂದಲೇ ನಮ್ಮ ದೇಶದಲ್ಲಿ ಅನುಮತಿಯಿದೆ. ಮೊದಲ ಬೆಂಚಿನ ಮುಂದೆ 6–8 ಅಡಿ ಬಯಲು ಬಿಟ್ಟು ಜಮಖಾನೆ ಹಾಸಿದರೆ ಮಕ್ಕಳು ಕೂರುತ್ತಾರೆ, ಹಿಂದಿನವರ ನೋಟಕ್ಕೂ ಅಡ್ಡಿಯಿಲ್ಲ.

ಕಲ್ಲು ಕತ್ತರಿಸುವ ಮೊದಲು ಪ್ಲೈವುಡ್ ಪೀಠ ಮಾಡಿಸಿ, ನೆಲಕ್ಕೆ ಟೇಪ್ ಅಂಟಿಸಿ, ಕೆಲವು ಭಾನುವಾರ ಅಲ್ಲೇ ಪೂಜೆ ನಡೆಯಲಿ. ಕಟ್ಟಕಡೆಯ ಬೆಂಚಿನ ಎರಡು ಮೂಲೆಯಲ್ಲೂ ಕೂತು ನೋಡಿ. ಜಾಗ ಖಚಿತವಾದ ಮೇಲೆ ಮೈಕಿನ ಪೈಪು ನೆಲದೊಳಗೆ ಹೋಗಲಿ, ಟೈಲ್ಸ್ ಆಮೇಲೆ. 6 ಅಡಿ ಉದ್ದ, 3 ಅಡಿ ಅಗಲ, 4 ಇಂಚು ದಪ್ಪದ ಗ್ರಾನೈಟ್ ಚಪ್ಪಡಿಯೊಂದೇ ಸುಮಾರು 450 ಕೆಜಿ ತೂಗುತ್ತದೆ. ಬರೀ ಟೈಲ್ಸ್ ಮೇಲೆ ಕೂರಿಸಿದರೆ ನೆಲ ಬಿರಿಯುತ್ತದೆ, ಅಡಿಯಲ್ಲಿ ಕಾಂಕ್ರೀಟ್ ಹಾಸು ಇರಲೇಬೇಕು.