ಬೇಸಿನ್ನಿನ ಪೈಪಿನಿಂದ ಕಮೋಡಿಗೆ ಗಾಳಿ

ಕಾರವಾರದ ಕೋಡಿಬಾಗದಲ್ಲಿ ನಿವೃತ್ತ ಮಾಸ್ತರರೊಬ್ಬರು ಹಳೆಯ ಮನೆಯ ಮೇಲೆ ಒಂದು ಕೋಣೆ ಮತ್ತು ಬಚ್ಚಲುಮನೆ ಕಟ್ಟಿಸಿದ್ದರು. ಪೈಪಿನ ಕೆಲಸ ನನ್ನದು. ಏಪ್ರಿಲ್‌ನಲ್ಲಿ ಮುಗಿಸಿ, ನೀರು ಬಿಟ್ಟು ನೋಡಿ, ಎಲ್ಲಿಯೂ ಸೋರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದಿದ್ದೆ. ಜುಲೈನಲ್ಲಿ ಫೋನ್ ಬಂತು. "ತಮ್ಮಾ, ಬಚ್ಚಲುಮನೆಯಲ್ಲಿ ನಿಲ್ಲುವುದಕ್ಕೆ ಆಗುತ್ತಿಲ್ಲ. ಬಾಗಿಲು ತೆಗೆದರೆ ಕೋಣೆಯೆಲ್ಲ ನಾರುತ್ತದೆ."

ಕಾಳಿ ನದಿಯ ಮಗ್ಗುಲಿನ ಊರು. ಮಳೆಗಾಲದಲ್ಲಿ ಅಲ್ಲಿ ಸ್ವಲ್ಪ ಅಗೆದರೂ ನೀರು ಕಾಣುತ್ತದೆ, ಇಂಗುಗುಂಡಿಗಳು ನೀರು ಹೀರುವುದನ್ನೇ ನಿಲ್ಲಿಸುತ್ತವೆ. ಹಾಗಾಗಿ ಸ್ಥಳಕ್ಕೆ ಹೋಗದೆ, ಫೋನಿನಲ್ಲಿಯೇ "ಸೆಪ್ಟಿಕ್ ಟ್ಯಾಂಕ್ ತುಂಬಿರಬೇಕು, ಖಾಲಿ ಮಾಡಿಸಿ" ಎಂದುಬಿಟ್ಟೆ. ಅವರು ಟ್ಯಾಂಕರ್ ತರಿಸಿ ದುಡ್ಡು ಕೊಟ್ಟು ಖಾಲಿ ಮಾಡಿಸಿದರು. ಎರಡು ದಿನ ವಾಸನೆ ಕಡಿಮೆಯಾದಂತೆ ಕಂಡಿತು, ಮೂರನೆಯ ದಿನ ಮತ್ತೆ ಶುರುವಾಯಿತು. ಆ ಖರ್ಚು ನನ್ನ ಬಾಯಿಂದ ಆದದ್ದು. ಇಂದಿಗೂ ನೆನೆದರೆ ಬೇಸರವಾಗುತ್ತದೆ.

ಆಮೇಲೆ ಹೋಗಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತೆ. ಫ್ಲಶ್ ಮಾಡಿದೆ. ಕಮೋಡಿನ ನೀರು ಇಳಿಯಿತು. ಅದರ ಬೆನ್ನಿಗೇ ವಾಶ್ ಬೇಸಿನ್ನಿನ ಒಳಗಿನಿಂದ ಗುಳುಗುಳು ಸದ್ದು. ಹತ್ತಿಯ ಒಂದು ಎಳೆಯನ್ನು ಬೇಸಿನ್ನಿನ ತೂತಿನ ಮೇಲೆ ಹಿಡಿದು ಮತ್ತೆ ಫ್ಲಶ್ ಮಾಡಿದೆ. ಎಳೆ ಸರ್ರನೆ ಒಳಕ್ಕೆ ಬಾಗಿತು, ಸ್ವಲ್ಪ ಹೊತ್ತಿಗೆ ಸಡಿಲಾಗಿ ಮೇಲಕ್ಕೆ ಅಲುಗಾಡಿತು. ಆಗ ಮೂಗಿಗೆ ಬಡಿದದ್ದೇ ಆ ವಾಸನೆ. (ಕೆಲವರು ಇದನ್ನು ಊದಿನಕಡ್ಡಿಯ ಹೊಗೆಯಿಂದ ನೋಡುತ್ತಾರೆ. ಸೆಪ್ಟಿಕ್ ಟ್ಯಾಂಕಿನ ಗಾಳಿಯಲ್ಲಿ ಹೊತ್ತಿಕೊಳ್ಳುವ ಅನಿಲ ಇರುತ್ತದೆ; ಆ ತೂತಿನ ಹತ್ತಿರ ಕಿಡಿ ಒಯ್ಯಲೇಬಾರದು.) ಬೇಸಿನ್ನಿನ ಕೆಳಗಿನ ಟ್ರ್ಯಾಪ್, ಅಂದರೆ ಸದಾ ನೀರು ನಿಂತು ವಾಸನೆಯನ್ನು ತಡೆಯುವ ಬಾಗಿದ ಪೈಪ್, ಬಿಚ್ಚಿ ನೋಡಿದರೆ ಎರಡು ಇಂಚು ನಿಲ್ಲಬೇಕಾದ ನೀರು ತಳದಲ್ಲಿ ಒಂದು ಚಮಚದಷ್ಟು ಉಳಿದಿತ್ತು.

ತೆಂಗಿನೆಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಟುಕು ಗುಟುಕಾಗಿ ಬೀಳುತ್ತದೆ. ಎದುರು ಮೂಲೆಗೆ ಇನ್ನೊಂದು ಹೊಡೆದರೆ ಧಾರೆಯಾಗಿ ಸುರಿಯುತ್ತದೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಆ ಎರಡನೆಯ ತೂತನ್ನೇ ಇಟ್ಟಿರಲಿಲ್ಲ. ಕಮೋಡಿನ 110 ಮಿ.ಮೀ. ಪೈಪ್ ಗೋಡೆ ದಾಟಿ, ಹೊರಗೆ ಒಂದು ಬೆಂಡ್ ತೆಗೆದುಕೊಂಡು ನೇರ ಕೆಳಗಿಳಿಯುತ್ತಿತ್ತು. ನೀರು ಒಟ್ಟಾಗಿ ಬೀಳುವಾಗ ಅದರ ಹಿಂದೆ ಗಾಳಿ ಬರಬೇಕು. ದಾರಿಯಿಲ್ಲದ್ದರಿಂದ ಅದು ಬೇಸಿನ್ನಿನ ಟ್ರ್ಯಾಪನ್ನು ಹೀರಿ ಗಾಳಿ ತಂದುಕೊಳ್ಳುತ್ತಿತ್ತು. ಟ್ರ್ಯಾಪ್ ಖಾಲಿಯಾದ ಮೇಲೆ ಟ್ಯಾಂಕಿಗೂ ಕೋಣೆಗೂ ನಡುವೆ ತಡೆಯೇ ಇಲ್ಲ. ಬೇಸಿಗೆಯಲ್ಲಿ ಕಿಟಕಿ ತೆರೆದಿತ್ತು, ಯಾರಿಗೂ ತಿಳಿಯಲಿಲ್ಲ. ಮಳೆಗೆ ಕಿಟಕಿ ಮುಚ್ಚಿದರು.

ಹೊರಗಿನ ಪೈಪಿನ ತಲೆಯನ್ನೇ ಮೇಲಕ್ಕೆ ಒಯ್ಯಬಹುದಿತ್ತಲ್ಲ ಎಂದು ಮಾಸ್ತರರು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಅದರ ನೆತ್ತಿಯ ಮೇಲೆಯೇ ಮಲಗುವ ಕೋಣೆಯ ಕಿಟಕಿ, ಅದರ ಸಜ್ಜಾ. ಹಾಗಾಗಿ ಬೇಸಿನ್ನಿನ ಪೈಪನ್ನೇ ಕಮೋಡಿನ ಗಾಳಿ ದಾರಿಯನ್ನಾಗಿ ಮಾಡುವುದೆಂದು ತೀರ್ಮಾನಿಸಿದೆ. ಬೇಸಿನ್ನಿನಿಂದ ಬರುವ ನೀರು ಕಡಿಮೆ. ಪೈಪ್ ದೊಡ್ಡದಿದ್ದರೆ ಆ ನೀರು ಒಳಮೈಗೆ ಅಂಟಿಕೊಂಡು ಇಳಿಯುತ್ತದೆ, ನಡುವೆ ಗಾಳಿಗೆ ಜಾಗ ಉಳಿಯುತ್ತದೆ.

ನಾಲ್ಕು ಟೈಲ್ಸ್ ಒಡೆದೆ. ಮೊದಲಿದ್ದ 40 ಮಿ.ಮೀ. ಪೈಪ್ ತೆಗೆದು 75 ಮಿ.ಮೀ. ಹಾಕಿದೆ. ಅದರ ಕೆಳತುದಿಯನ್ನು ಕಮೋಡಿನ ಹತ್ತಿರದಲ್ಲೇ 110ರ ಅಡ್ಡ ಪೈಪಿಗೆ ವೈ ಜೋಡಣೆಯಿಂದ (ಇಂಗ್ಲಿಷಿನ Y ಆಕಾರದ ತುಂಡು) ಸೇರಿಸಿದೆ. ಇಲ್ಲಿ ಒಂದು ವಿಷಯವನ್ನು ನನ್ನ ಹುಡುಗರಿಗೆ ಪ್ರತಿ ಸಲವೂ ಕೈ ಹಿಡಿದು ತೋರಿಸುತ್ತೇನೆ: ವೈಯ ಬಾಯಿ ಮೇಲಕ್ಕೆ ನೋಡಬೇಕು. ಪಕ್ಕಕ್ಕೆ ಮಲಗಿಸಿದರೆ ಕಮೋಡಿನ ಹೊಲಸು ಅದರೊಳಗೆ ನುಗ್ಗಿ ಕುಳಿತುಕೊಳ್ಳುತ್ತದೆ, ಗಾಳಿ ದಾರಿ ಮುಚ್ಚಿಹೋಗುತ್ತದೆ. ಅಡ್ಡ ಪೈಪಿಗೆ ರಸಮಟ್ಟ ಇಟ್ಟು ನಾಲ್ಕು ಅಡಿಗೆ ಒಂದು ಇಂಚಿನ ಇಳಿಜಾರು ಕೊಟ್ಟೆ. ಬೇಸಿನ್ನಿನ ನೀರು ಸೇರುವ T ಆಕಾರದ ಜೋಡಣೆಯಿಂದ ಮೇಲಕ್ಕೆ ಅದೇ 75ರ ಪೈಪ್ ನೇರ ಹೋಗುತ್ತದೆ. ಅದನ್ನು ಹೊರಗೋಡೆಗೆ ತಿರುಗಿಸುವುದಿದ್ದರೆ ಬೇಸಿನ್ನಿನ ಅಂಚಿಗಿಂತ ಅರ್ಧ ಅಡಿಯಾದರೂ ಮೇಲೆ ಹೋದ ನಂತರವೇ ತಿರುಗಿಸಬೇಕು. ಅದಕ್ಕಿಂತ ಕೆಳಗೆ ತಿರುಗಿಸಿದರೆ, ಪೈಪ್ ಕಟ್ಟಿಕೊಂಡ ದಿನ ಕೊಳೆನೀರು ಆ ಅಡ್ಡ ಭಾಗಕ್ಕೆ ಹತ್ತಿ ಕೆಸರು ಬಿಟ್ಟು ಇಳಿಯುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ.

ಮಾಡು ಮಂಗಳೂರು ಹಂಚಿನದು. ಹಂಚಿಗೆ ತೂತು ಕೊರೆದರೆ ನಮ್ಮ ಮಳೆಗೆ ಅದು ಸೋರದೆ ಇರುವುದಿಲ್ಲ. ಆದ್ದರಿಂದ ಪೈಪನ್ನು ಕಿಟಕಿಯಿಲ್ಲದ ಬದಿಯಲ್ಲಿ ಸೂರಿನ ಹೊರಗಿನಿಂದ ಸುತ್ತಿಸಿ ಮಾಡಿಗಿಂತ ಎತ್ತರಕ್ಕೆ ಒಯ್ದು, ತುದಿಗೆ ಜಾಲರಿಯ ಟೊಪ್ಪಿಗೆ ಹಾಕಿದೆ. ಜಾಲರಿ ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ. ಕಬ್ಬಿಣದ ಕ್ಲಾಂಪ್ ಹಾಕಲಿಲ್ಲ, ಕಡಲಿನ ಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ.

ಟೈಲ್ಸ್ ಮುಚ್ಚುವ ಮೊದಲು ಬೇಸಿನ್ ತುಂಬಿಸಿ, ಬೂಚು ತೆಗೆದು, ಅದೇ ಗಳಿಗೆಗೆ ಫ್ಲಶ್ ಮಾಡಿದೆ. ಬೇಸಿನ್ ಖಾಲಿಯಾದ ಮೇಲೆ ಹತ್ತಿಯ ಎಳೆ ಹಿಡಿದು ಇನ್ನೂ ನಾಲ್ಕು ಸಲ ಫ್ಲಶ್ ಮಾಡಿದೆ. ಎಳೆ ಅಲುಗಲಿಲ್ಲ. ಮಾಸ್ತರರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಆ ದಿನದ ಕೂಲಿ ತೆಗೆದುಕೊಳ್ಳಲಿಲ್ಲ, ಸಾಮಾನಿನ ಹಣ ಮಾತ್ರ ಪಡೆದೆ.

ದೀಪಾವಳಿಯ ಹೊತ್ತಿಗೆ ಅವರು ಮತ್ತೆ ಕರೆದರು. ಮಗ ವಾಷಿಂಗ್ ಮಷೀನ್ ತಂದಿದ್ದ, ಅದರ ನೀರನ್ನು ಬೇಸಿನ್ನಿನ ಪೈಪಿಗೆ ಬಿಡಬಹುದೇ ಎಂದು ಕೇಳಿದರು. ಬೇಡ ಎಂದೆ. ಮಷೀನ್ ಒಮ್ಮೆಲೇ ನೀರು ದೂಡುತ್ತದೆ. ಆ ನೀರು ಪೈಪ್ ತುಂಬಿದರೆ ಕಮೋಡಿಗೆ ಗಾಳಿ ಇಲ್ಲ. ಅದಕ್ಕೆ ಬೇರೆ ಪೈಪ್ ಇಳಿಸಿಕೊಟ್ಟೆ. ಬೇಸಿನ್ನಿನ ಕೆಳಗೆ, ಪೈಪಿನ ಮೇಲೆ, ಕೆಂಪು ಬಣ್ಣದಲ್ಲಿ ಬರೆದು ಬಂದೆ: "ಇದಕ್ಕೆ ಬೇರೆ ಏನನ್ನೂ ಸೇರಿಸಬೇಡಿ."