ತ… ಕ ಧೀಂ

ಜುಲೈ 14, 2025, ಸೋಮವಾರ
ವಿನೋಬನಗರ, ಶಿವಮೊಗ್ಗ

ಬೆಳಗ್ಗೆಯಿಂದ ಮಳೆ ಬಿಟ್ಟಿಲ್ಲ. ಆಫೀಸ್, ಊಟ, ದೊಡ್ಡಪ್ಪನ ಕಣ್ಣಿಗೆ ಡ್ರಾಪ್ಸ್. ಬರೆಯಬೇಕು ಅನ್ನಿಸಿದ್ದು ಸಂಜೆ ಏಳರ ಮೇಲಿನ ಒಂದು ಗಂಟೆ ಮಾತ್ರ.

ಟೆಕ್ಕನ್ ಅನ್ನೋ ಫೈಟಿಂಗ್ ಗೇಮ್‌ನಲ್ಲಿ ಕಜುಯಾ ಅನ್ನೋ ಪಾತ್ರದ ಎಲೆಕ್ಟ್ರಿಕ್, ಅಂದ್ರೆ ಮಿಂಚಿನ ಗುದ್ದು, ಪ್ರಾಕ್ಟೀಸ್ ಮಾಡ್ತಾ ಕೂತಿದ್ದೆ. ಹತ್ತಕ್ಕೆ ಮೂರು ಬರುತ್ತೆ, ಹೆಚ್ಚಂದ್ರೆ ನಾಲ್ಕು. ಎರಡು ತಿಂಗಳಿಂದ ಅಲ್ಲೇ ನಿಂತಿದ್ದೇನೆ. ನನ್ನ ಕಂಟ್ರೋಲರ್‌ನಲ್ಲಿ ಸ್ಟಿಕ್ ಇಲ್ಲ, ದಿಕ್ಕುಗಳಿಗೂ ಬಟನ್‌ಗಳೇ. ಮುಂದೆ ಒತ್ತಿ ಬಿಡಬೇಕು. ಕೆಳಗೆ ಒತ್ತಿ ಹಿಡಿಯಬೇಕು. ಆಮೇಲೆ ಎಡಗೈಯಲ್ಲಿ ಮತ್ತೆ ಮುಂದೆ, ಬಲಗೈಯಲ್ಲಿ ಗುದ್ದು, ಎರಡೂ ಒಂದೇ ಫ್ರೇಮಿನಲ್ಲಿ (ಪರದೆ ಮೇಲಿನ ಒಂದೇ ಚಿತ್ರದಲ್ಲಿ). ಸೆಕೆಂಡಿಗೆ 60 ಫ್ರೇಮ್. ಅಂದ್ರೆ ಒಂದು ಫ್ರೇಮಿಗೆ 17 ಮಿಲಿಸೆಕೆಂಡೂ ಇಲ್ಲ. ತಪ್ಪಿದರೆ ಮಿಂಚಿಲ್ಲದ ಸಾದಾ ಗುದ್ದು. ಎದುರಿನವನು ಅದನ್ನು ತಡೆದು ತಿರುಗಿ ಹೊಡೀತಾನೆ.

ಒಳಗಿನ ರೂಮಿಂದ ದೊಡ್ಡಪ್ಪ ಕೂಗಿದರು. "ಎಂತ ಮಾಣಿ ಅದು? ಕೊನೇದು ಒಂದೇ ಪೆಟ್ಟಲ್ವಾ? ನಂಗೆ ಎರಡು ಕೇಳ್ತಾ ಇದೆ."

ಪೊರೆ ಆಪರೇಷನ್ ಆಗಿ ಮೂರು ದಿನ. ಟಿವಿ ನೋಡೋ ಹಾಗಿಲ್ಲ. ಪಾಪ, ಇಷ್ಟು ಹೊತ್ತೂ ನನ್ನ ಬಟನ್ ಸದ್ದನ್ನೇ ಕೇಳ್ತಾ ಮಲಗಿದ್ದರು.

"ನಿನ್ನ ಎಡಗೈ ಮುಂಚೆ ಬೀಳ್ತಾ ಇದೆ ನೋಡು."

ನೋಡಿದೆ. ಟ್ರೇನಿಂಗ್ ಮೋಡಿನಲ್ಲಿ ಒತ್ತಿದ್ದೆಲ್ಲ ಪಕ್ಕದಲ್ಲಿ ಸಾಲಾಗಿ ಬರುತ್ತೆ. ಕೆಳಗೆ-ಮುಂದೆ ಸೇರಿದ ಓರೆ ಬಾಣ ಒಂದು ಫ್ರೇಮ್ ಮೊದಲು, ಗುದ್ದು ಬೇರೆ ಸಾಲಿನಲ್ಲಿ. ಹಿಂದಿನದೂ ಹಾಗೇ, ಅದರ ಹಿಂದಿನದೂ. ನನಗೆ ಮೈ ಜುಂ ಅಂತು. ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ಮದ್ದಳೆ ನುಡಿಸಿದ ಕಿವಿ ಅದು.

ಗೋಡೆ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತರು. "ಬಾಯಲ್ಲಿ ಹೇಳು ಮೊದಲು. ಬಾಯಿತಾಳ ಸರಿ ಆಗೋವರೆಗೂ ನಮ್ಮ ಗುರುಗಳು ಮದ್ದಳೆ ಮುಟ್ಟೋಕೆ ಬಿಡ್ತಿರಲಿಲ್ಲ."

ಏನು ಹೇಳಲಿ ಅಂದೆ. ನನ್ನ ಬೆರಳು ಮುಟ್ಟಿ ನೋಡಿ, ಒಂದು ಸಲ ನಿಧಾನವಾಗಿ ಒತ್ತಿಸಿ, ಆಮೇಲೆ ಹೇಳಿದರು: "ತ… ಕ ಧೀಂ. ತ ಆದ್ಮೇಲೆ ಬಿಡುವು ಉಂಟಲ್ಲ, ಅದನ್ನೂ ಎಣಿಸು. ನೀನು ಅದನ್ನ ನುಂಗ್ತಾ ಇದ್ದೀಯ. ಅದಕ್ಕೇ ಕೊನೆಗೆ ಓಡೋದು."

ಅಷ್ಟರಲ್ಲಿ ಕರೆಂಟ್ ಹೋಯ್ತು.

ಒಳ್ಳೇದೇ ಆಯ್ತು. ತೀರಾ ನಿಧಾನ ಒತ್ತಿದರೆ ಗೇಮ್ ಒಪ್ಪಲ್ಲ, ಆದರೆ ಕರೆಂಟೇ ಇಲ್ಲದಾಗ ಕೇಳೋರು ಯಾರು? ಕಂಟ್ರೋಲರ್ ಮಂಡಿ ಮೇಲಿಟ್ಟುಕೊಂಡು ಕತ್ತಲಲ್ಲೇ ಬಾಯಲ್ಲಿ ಹೇಳ್ತಾ ಒತ್ತಿದೆ. ದೊಡ್ಡಪ್ಪ ಮಂಚದ ಕಟ್ಟಿಗೆ ಮೇಲೆ ತಾಳ ಹಾಕಿದರು. ಎರಡು ಕೈ ಒಟ್ಟಿಗೆ ಬಿದ್ದಾಗ ಸದ್ದು ನಿಜಕ್ಕೂ ಬೇರೆ. ದಪ್ಪ, ಗಟ್ಟಿ, ಒಂದೇ ಟಕ್. ನನಗೂ ಕೇಳೋಕೆ ಶುರುವಾಯ್ತು.

ಮಧ್ಯೆ ಇವೊ ಅನ್ನೋ ದೊಡ್ಡ ಫೈಟಿಂಗ್ ಗೇಮ್ ಟೂರ್ನಿಯ 2004ರ ಕಥೆ ಹೇಳಿದೆ. ಗೇಮ್ ಬೇರೆ, ಸ್ಟ್ರೀಟ್ ಫೈಟರ್. ದೈಗೊ ಉಮೆಹರಾ ಆಡಿಸ್ತಿದ್ದ ಕೆನ್‌ಗೆ ಉಳಿದಿದ್ದು ಎಳೆಯಷ್ಟು ಜೀವ. ಸುಮ್ನೆ ತಡೆದರೂ ಸಾಯ್ತಾನೆ. ಎದುರಾಳಿ ಜಸ್ಟಿನ್ ವಾಂಗ್‌ನ ಚುನ್-ಲಿ ಒದೆಯೋದಕ್ಕೆ ಶುರು ಮಾಡ್ತಾಳೆ. ದೈಗೊ ಪ್ರತಿ ಒದೆಗೂ ಸರಿಯಾದ ಕ್ಷಣಕ್ಕೆ ಮುಂದೆ ಒತ್ತಿ 15 ಪೆಟ್ಟನ್ನೂ ಪ್ಯಾರಿ ಮಾಡಿದ, ಅಂದ್ರೆ ಜೀವ ಕಳೆಯದೆ ತಳ್ಳಿಹಾಕಿದ, ಕೊನೆಗೆ ಅವನೇ ಗೆದ್ದ.

"ಒದೆ ಎಲ್ಲ ಒಂದೇ ಸಮ ಬರ್ತದಾ?"

ಇಲ್ಲ ದೊಡ್ಡಪ್ಪ, ನಡುವೆ ಬಿಡುವಿದೆ.

"ಹಾಗಾದ್ರೆ ಅವನಿಗೆ ಬಾಯಿಪಾಠ ಇತ್ತು."

ಇದಕ್ಕಿಂತ ಚೆನ್ನಾಗಿ ಅದನ್ನ ಯಾರೂ ನನಗೆ ಹೇಳಿರಲಿಲ್ಲ.

ಕರೆಂಟ್ ಬಂದಮೇಲೆ ಹತ್ತಕ್ಕೆ ಆರು. ಇನ್ನೊಂದು ಸಲ, ಏಳು. ಖುಷಿಯಲ್ಲಿ ಕೇಳಿಬಿಟ್ಟೆ: ನೀವು ಈಗ ಯಾಕೆ ನುಡಿಸಲ್ಲ? ಬಲಗೈ ನೋಡ್ಕೊಂಡರು. "ಬೆರಳು ಹಿಂದೆ ಬೀಳ್ತಾವೆ ಮಾಣಿ. ಕಿವಿಗೆ ಗೊತ್ತಾಗ್ತದೆ. ಅದೇ ಕಷ್ಟ."

ಮದ್ದಳೆ ಹೊಸನಗರದ ಮನೆ ಅಟ್ಟದಲ್ಲಿದೆ. ಭಾನುವಾರ ಬಸ್ಸಿಗೆ ಹೋಗಿ ತರಲಾ ಅಂತ ಯೋಚಿಸ್ತಾ ಇದ್ದೇನೆ. ಅವರನ್ನು ಕೇಳಿದರೆ ಬೇಡ ಅಂತಾರೆ. ಈ ಮಳೆಗೆ ಚರ್ಮ ಸಡಿಲ ಆಗಿರುತ್ತೆ, ಶ್ರುತಿ ಇಳಿದಿರುತ್ತೆ. ಆದರೂ ಎದುರಿಗೆ ತಂದಿಟ್ಟರೆ, ಒಂದು ಸಲ ಸುಮ್ನೆ ಕೈ ಇಟ್ಟರೂ…