ಬೆಕ್ಕಿಗೆ ಸಕ್ಕರೆ ಕಾಯಿಲೆ: ನಮ್ಮಿಂದ ನೋಡಿಕೊಳ್ಳೋಕೆ ಆಗ್ತದಾ?

"ಬೆಕ್ಕಿಗೆ ಶುಗರ್ ಅಂತ ಡಾಕ್ಟರು ಹೇಳಿದ್ದಾರೆ. ದಿನಕ್ಕೆರಡು ಸಲ ಇನ್ಸುಲಿನ್ ಕೊಡಬೇಕಂತೆ. ಮನೆಯಲ್ಲಿ ನಮ್ಮಿಂದ ಆಗ್ತದಾ?" ಕಾರವಾರ, ಅಂಕೋಲಾ, ಕುಮಟಾದವರೂ ಕೇಳುತ್ತಾರೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರೂ ಕೇಳುತ್ತಾರೆ. ಆಗುತ್ತದೆ. ಎಲ್ಲರೂ ಹೆದರುವುದು ಸೂಜಿಗೆ. ಆದರೆ ಸೂಜಿ ವಾರದೊಳಗೆ ಕೈಗೆ ಹತ್ತುತ್ತದೆ. ನಿಜವಾದ ಅಪಾಯ ಇರುವುದು ಸಿರಿಂಜಿನ ಮೇಲಿನ ಗೆರೆಗಳಲ್ಲಿ ಮತ್ತು ಅನ್ನದ ತಟ್ಟೆಯಲ್ಲಿ.

ಮೊದಲು ಕಾಯಿಲೆ ಹೌದೋ ಅಲ್ಲವೋ ಎಂಬುದು ಖಾತ್ರಿಯಾಗಲಿ. ಬೆಕ್ಕು ವಿಪರೀತ ನೀರು ಕುಡಿಯುವುದು, ಪದೇ ಪದೇ ಮೂತ್ರ ಮಾಡುವುದು, ಚೆನ್ನಾಗಿ ಉಂಡರೂ ಇಳಿಯುತ್ತ ಹೋಗುವುದು ಇದರ ಲಕ್ಷಣ. ಅದು ಮೂತ್ರ ಮಾಡಿದಲ್ಲಿ ಇರುವೆ ಮುತ್ತಿದ್ದನ್ನು ಕಂಡೇ ಎಷ್ಟೋ ಮನೆಗಳಲ್ಲಿ ಅನುಮಾನ ಶುರುವಾಗುತ್ತದೆ. ಕಾಯಿಲೆ ಹಳೆಯದಾಗಿದ್ದರೆ ಹಿಂಗಾಲಿನ ನರ ಸೋತು, ಬೆರಳ ಮೇಲೆ ನಡೆಯಬೇಕಾದ ಬೆಕ್ಕು ಹಿಮ್ಮಡಿ ಊರಿ ನಡೆಯತೊಡಗುತ್ತದೆ. ಆಸ್ಪತ್ರೆಯಲ್ಲಿ ಒಮ್ಮೆ ರಕ್ತ ತೆಗೆದು ಸಕ್ಕರೆ 250 ಬಂತು ಎಂದಷ್ಟಕ್ಕೇ ತೀರ್ಮಾನಿಸಬಾರದು, ಹೆದರಿದ ಬೆಕ್ಕಿನ ಸಕ್ಕರೆ ಅಷ್ಟಕ್ಕೆ ಏರುವುದುಂಟು. ಮನೆಯಲ್ಲಿ ಹಿಡಿದ ಮೂತ್ರದಲ್ಲೂ ಸಕ್ಕರೆ ಇದೆಯೇ ಎಂದು ಪಟ್ಟಿ ಅದ್ದಿ ನೋಡಬೇಕು. ಮೂತ್ರಪಿಂಡ ಅಥವಾ ಥೈರಾಯ್ಡ್ ತೊಂದರೆಯಲ್ಲೂ ಬೆಕ್ಕು ಹೀಗೇ ನೀರು ಕುಡಿಯುತ್ತದೆ, ಅದನ್ನೂ ಪಶುವೈದ್ಯರು ತಪಾಸಣೆ ಮಾಡಲಿ. ತುರಿಕೆಗೆಂದು ಹಾಕಿಸಿದ ಸ್ಟಿರಾಯ್ಡ್, ಮರಿ ಆಗದಿರಲೆಂದು ಹಾಕಿಸಿದ ಹಾರ್ಮೋನ್ ಚುಚ್ಚುಮದ್ದು ಇವೆರಡೂ ಸಕ್ಕರೆ ಏರಿಸುತ್ತವೆ. ಕೊಡಿಸಿದ್ದರೆ ಮರೆಯದೆ ಹೇಳಿ.

ಈಗ ಸಿರಿಂಜ್. ಇದನ್ನು ನಿಧಾನವಾಗಿ ಓದಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಮಿಲಿಗೆ 40 ಯುನಿಟ್, ಒಂದು ಮಿಲಿಗೆ 100 ಯುನಿಟ್. ಸಿರಿಂಜೂ ಎರಡು ಬಗೆ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಬೆಕ್ಕುಗಳಿಗೆ ಹೆಚ್ಚಾಗಿ ಬರೆದುಕೊಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ ಸಾಮಾನ್ಯವಾಗಿ 100ರದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ '1' ಗೆರೆಯವರೆಗೆ ಎಳೆದರೆ ಒಳಗೆ ಬರುವುದು ಒಂದು ಯುನಿಟ್ ಅಲ್ಲ, ಎರಡೂವರೆ. ನಾಲ್ಕು ಕಿಲೋ ಬೆಕ್ಕಿಗೆ ಪ್ರಾಣ ಹೋಗುವಷ್ಟು ದೊಡ್ಡ ತಪ್ಪು ಅದು. ಉಲ್ಟಾ ಆದರೆ, ಅಂದರೆ 40ರ ಇನ್ಸುಲಿನ್ ಕಿತ್ತಳೆ ಸಿರಿಂಜಿಗೆ ಎಳೆದರೆ, '1' ಗೆರೆಗೆ ಬರುವುದು 0.4 ಯುನಿಟ್ ಮಾತ್ರ. ಸಕ್ಕರೆ ಇಳಿಯುವುದಿಲ್ಲ, ಔಷಧ ಹಿಡಿಯುತ್ತಿಲ್ಲ ಎಂದು ಡೋಸ್ ಏರಿಸುತ್ತ ಹೋಗುತ್ತೀರಿ. ಆಮೇಲೊಂದು ದಿನ ಅಂಗಡಿಯವರು ಸರಿಯಾದ ಸಿರಿಂಜ್ ಕೊಟ್ಟಾಗ ಬೆಕ್ಕು ಕುಸಿಯುತ್ತದೆ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡನ್ನೂ ಅಂಗಡಿಯಲ್ಲೇ ಜೋಡಿಸಿ ನೋಡಿಕೊಳ್ಳಿ.

ಕಿತ್ತಳೆ ಸಿರಿಂಜಿನಲ್ಲೂ 1 ಮಿಲಿಯದ್ದು ಬೇಡ, ಅದರ ಒಂದೊಂದು ಗೆರೆಗೆ ಎರಡು ಯುನಿಟ್. 0.3 ಮಿಲಿಯ, ಅರ್ಧ ಯುನಿಟ್ ಗೆರೆಯಿರುವ ಸಿರಿಂಜ್ ತರಿಸಿಕೊಳ್ಳಿ. ಸಾಮಾನ್ಯವಾಗಿ ಶುರುವಾಗುವುದು 12 ತಾಸಿಗೊಮ್ಮೆ ಅರ್ಧದಿಂದ ಒಂದು ಯುನಿಟ್‌ನಲ್ಲಿ. ನಿಮ್ಮ ಬೆಕ್ಕಿಗೆ ಎಷ್ಟು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಒಂದು ಡೋಸ್ ಮೈಗೆ ಹೊಂದಿಕೊಳ್ಳಲು ಐದರಿಂದ ಏಳು ದಿನ ಬೇಕು, ನಡುವೆ ಏರಿಸಬಾರದು.

ಚುಚ್ಚುವ ಕ್ರಮ ಸರಳ. ಬೆಕ್ಕು ತಟ್ಟೆಗೆ ಬಾಯಿ ಹಾಕಿದಾಗಲೇ ಸೂಜಿ. ಉಣ್ಣುತ್ತಿದೆ ಎಂಬುದೂ ಖಾತ್ರಿಯಾಗುತ್ತದೆ, ಅದರ ಗಮನವೂ ಬೇರೆ ಕಡೆ ಇರುತ್ತದೆ. ಕತ್ತಿನ ಹಿಂಭಾಗಕ್ಕಿಂತ ಪಕ್ಕೆಯ ಅಥವಾ ಹೊಟ್ಟೆಯ ಬದಿಯ ಚರ್ಮ ಒಳ್ಳೆಯದು, ಅಲ್ಲಿಂದ ಔಷಧ ಸರಿಯಾಗಿ ಹೀರಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳಿನಲ್ಲಿ ಚರ್ಮ ಎತ್ತಿ, ಸೂಜಿಯ ಓರೆ ಮೇಲೆ ಬರುವಂತೆ ಹಿಡಿದು ಬುಡದ ಪೊಳ್ಳಿಗೆ ಚುಚ್ಚಿ. ಸ್ಪಿರಿಟ್ ಒರೆಸುವ ಅಗತ್ಯವಿಲ್ಲ. ಸೂಜಿ ಇನ್ನೊಂದು ಬದಿಯಿಂದ ಹೊರಬಂದು ಔಷಧ ರೋಮಕ್ಕೆ ಹೋಗುವುದು ಎಲ್ಲರಿಗೂ ಆಗುವ ತಪ್ಪು. ತೆಗೆದ ಮೇಲೆ ಬೆರಳಾಡಿಸಿ ನೋಡಿ: ರೋಮ ಒದ್ದೆಯಾಗಿ, ಆಸ್ಪತ್ರೆಯ ವಾಸನೆ ಬಂದರೆ ಹೊರಗೆ ಹೋಗಿದೆ. ಆಗಲೂ ಮತ್ತೆ ಚುಚ್ಚಬೇಡಿ. ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲದಾಗ ಮುಂದಿನ ಹೊತ್ತಿಗೆ ಕಾಯುವುದೇ ಸರಿ. ಒಂದು ಹೊತ್ತು ಸಕ್ಕರೆ ಏರಿದರೆ ಬೆಕ್ಕು ತಾಳಿಕೊಳ್ಳುತ್ತದೆ, ಇಳಿದರೆ ತಾಳಿಕೊಳ್ಳುವುದಿಲ್ಲ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಟ್ಟು ಆಸ್ಪತ್ರೆಗೆ ಒಪ್ಪಿಸಿ.

ಇನ್ಸುಲಿನ್ ಇಡುವುದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಫ್ರೀಜರಿಗೆ ತಾಗಿದ ಮೇಲಿನ ಟ್ರೇಯಲ್ಲಿ ಬೇಡ, ಹೆಪ್ಪುಗಟ್ಟಿದರೆ ಮುಗಿಯಿತು. ಮಳೆಗಾಲದಲ್ಲಿ ಶಿರಸಿ ಕಡೆ ಎರಡು ದಿನ ಕರೆಂಟಿಲ್ಲ ಎಂದು ಗಾಬರಿ ಬೇಡ. ತೆರೆದ ಗ್ಲಾರ್ಜಿನ್ 30 ಡಿಗ್ರಿಗಿಂತ ಕೆಳಗೆ 28 ದಿನ ಕೆಡುವುದಿಲ್ಲ. ಕಾರವಾರದ ಏಪ್ರಿಲ್, ಮೇ ಸೆಕೆಯಲ್ಲಿ ಮಾತ್ರ ಹೊರಗಿಟ್ಟರೆ ಆ ಮಾತು ನಡೆಯುವುದಿಲ್ಲ. ಆಗ ಕರೆಂಟು ಹೋದರೆ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿಡಿ. ಗ್ಲಾರ್ಜಿನ್ ತಿಳಿಯಾಗಿರಬೇಕು, ಮಂಜು ಕಂಡರೆ ಎಸೆಯಿರಿ. ಕುಲುಕಬಾರದು, ನೀರು ಬೆರೆಸಬಾರದು.

ಊಟದ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಯ ಬೆಕ್ಕಿಗೆ ಕರಾವಳಿಯಲ್ಲಿ ಮೀನಿನ ಸಾರು ಕಲಸಿದ ಅನ್ನ, ಘಟ್ಟದ ಮೇಲೆ ಹಾಲನ್ನ ಇಲ್ಲವೇ ಮೊಸರನ್ನ. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ, ಪಿಷ್ಟವನ್ನು ನಿಭಾಯಿಸುವ ಶಕ್ತಿ ಅದರ ದೇಹಕ್ಕೆ ಕಡಿಮೆ. ಸಕ್ಕರೆ ಕಾಯಿಲೆಯ ಬೆಕ್ಕಿಗೆ ದಿನದ ಕ್ಯಾಲರಿಯಲ್ಲಿ ಪಿಷ್ಟದ ಪಾಲು ಶೇ. 12ರೊಳಗೆ ಇರಬೇಕು. ಪ್ಯಾಕೆಟ್ಟಿನ ಲೇಬಲ್‌ನಿಂದ ನೀವೇ ಲೆಕ್ಕ ಹಾಕಬಹುದು: ಪ್ರೋಟೀನ್, ಕೊಬ್ಬು, ನಾರು, ಬೂದಿ, ನೀರಿನಂಶ ಕೂಡಿಸಿ 100ರಿಂದ ಕಳೆಯಿರಿ, ಉಳಿದದ್ದು ಪಿಷ್ಟ. ಪ್ರೋಟೀನಿಗೂ ಪಿಷ್ಟಕ್ಕೂ ಗ್ರಾಮಿಗೆ 3.5, ಕೊಬ್ಬಿಗೆ 8.5 ಕ್ಯಾಲರಿ ಹಿಡಿಯಿರಿ. ಪ್ರೋಟೀನ್ 9, ಕೊಬ್ಬು 5, ನಾರು 0.5, ಬೂದಿ 2, ನೀರು 82 ಇರುವ ಹಸಿ ಆಹಾರದಲ್ಲಿ (ಪ್ಯಾಕೆಟ್ಟಿನಲ್ಲಿ ಬರುವ ವೆಟ್ ಫುಡ್, ಬೇಯಿಸದ್ದಲ್ಲ) ಪಿಷ್ಟ 1.5 ಗ್ರಾಂ, ಅಂದರೆ ಕ್ಯಾಲರಿಯಲ್ಲಿ ಶೇ. 7ರಷ್ಟು. ಪ್ರೋಟೀನ್ 30, ಕೊಬ್ಬು 10, ನಾರು 4, ಬೂದಿ 8, ನೀರು 10 ಇರುವ ಒಣ ತಿನಿಸಿನಲ್ಲಿ ಅದು ಶೇ. 40 ದಾಟುತ್ತದೆ. ಅನ್ನ ಬಿಡಿಸಿ ಒಣ ತಿನಿಸು ಹಾಕಿದರೂ ಸಕ್ಕರೆ ಇಳಿಯದಿರುವುದು ಇದಕ್ಕೇ.

ಮನೆಯದ್ದೇ ಕೊಡುವುದಾದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಮೀನು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತವೆ, ಮಸಾಲೆ ಸಾರು ಆಗದಿರುವುದು ಅದಕ್ಕೆ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅದರಲ್ಲಿ ಇಳಿದಿರುತ್ತದೆ. ಆದರೆ ಬಂಗಡೆ, ತಾರ್ಲೆಯಂಥ ಎಣ್ಣೆ ಮೀನನ್ನೇ ದಿನವೂ ಕೊಟ್ಟರೆ ಇ ಜೀವಸತ್ವ ಸಾಲದೆ ಮೈಯ ಕೊಬ್ಬಿಗೆ ಉರಿಯೂತ ಬರುತ್ತದೆ. ಕೆಲವು ಹಸಿ ಮೀನುಗಳು ಬಿ1 ಜೀವಸತ್ವವನ್ನೇ ನಾಶಮಾಡುತ್ತವೆ. ಹಾಗಾಗಿ 'ಸಂಪೂರ್ಣ ಆಹಾರ' ಎಂದು ನಮೂದಿಸಿದ ಹಸಿ ಆಹಾರವೇ ಊಟದ ಮುಖ್ಯ ಭಾಗವಾಗಿರಲಿ, ಕೋಳಿ, ಮೀನು ಅದರ ಜೊತೆಗಿರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಒಣಮೀನಿಗೆ ಇಳಿಯಬೇಡಿ, ಅದು ಬರೀ ಉಪ್ಪು. ಮಾಂಸ ಮನೆಯೊಳಗೆ ತಾರದ ಮನೆಗಳಲ್ಲಿ ಪ್ಯಾಕೆಟ್ಟಿನ ಹಸಿ ಆಹಾರಕ್ಕೆ ಅಂಗಳದಲ್ಲೊಂದು ಬೇರೆ ತಟ್ಟೆ ಇಟ್ಟರಾಯಿತು. ಹಾಲನ್ನದಲ್ಲೇ ಈ ಕಾಯಿಲೆ ನಿಭಾಯಿಸಲು ಹೊರಡಬೇಡಿ, ಬೆಕ್ಕು ಸೊರಗುತ್ತದೆ.

ಇನ್ಸುಲಿನ್ ನಡೆಯುತ್ತಿರುವಾಗ ಅನ್ನವನ್ನು ಒಮ್ಮೆಲೇ ನಿಲ್ಲಿಸಬಾರದು. ಪಿಷ್ಟ ಹೋದ ಕೂಡಲೇ ಹಳೆಯ ಡೋಸ್ ಹೆಚ್ಚಾಗಿಬಿಡುತ್ತದೆ. ವೈದ್ಯರಿಗೆ ತಿಳಿಸಿ, ಡೋಸ್ ತಗ್ಗಿಸಿಕೊಂಡು, ವಾರ ಹತ್ತು ದಿನದಲ್ಲಿ ಬದಲಾಯಿಸಿ. ಊರೆಲ್ಲ ಸುತ್ತುವ ಬೆಕ್ಕಾದರೆ ಅಕ್ಕಪಕ್ಕದವರಿಗೂ ಏನೂ ಹಾಕಬೇಡಿ ಎಂದು ಹೇಳಿಡಬೇಕಾಗುತ್ತದೆ.

ಮನೆಯ ಹಿರಿಯರ ಶುಗರ್ ಮಾತ್ರೆಯಲ್ಲಿ ಅರ್ಧ ಕೊಡಬಹುದಾ ಎಂದರೆ ಬೇಡವೇ ಬೇಡ. ಮೆಟ್‌ಫಾರ್ಮಿನ್ ಬೆಕ್ಕಿಗೆ ಪ್ರಯೋಜನಕ್ಕೆ ಬರುವುದಿಲ್ಲ, ವಾಂತಿ ತರಿಸುತ್ತದೆ. ಹಾಗಲ, ಮೆಂತೆಯ ಕಷಾಯವೂ ಇನ್ಸುಲಿನ್ನಿಗೆ ಬದಲಿ ಅಲ್ಲ.

ಸಕ್ಕರೆ ನೋಡುವುದು ಕಿವಿಯ ಅಂಚಿನಲ್ಲಿ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಕಿವಿ ಬೆಚ್ಚಗೆ ಮಾಡಿ, ತೆಳುವಾಗಿ ವ್ಯಾಸಲಿನ್ ಸವರಿ. ರಕ್ತ ರೋಮಕ್ಕೆ ಹರಡದೆ ಹನಿಯಾಗಿ ನಿಲ್ಲುತ್ತದೆ. ಕಿವಿಯ ಹಿಂದೆ ಮಡಚಿದ ಹತ್ತಿ ಹಿಡಿದು, ಅಂಚಿನ ರಕ್ತನಾಳದ ಪಕ್ಕ ಚುಚ್ಚಿ. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಹಾಗೆಂದು ಕಡಿಮೆ ಸಂಖ್ಯೆಯನ್ನು ಕಡೆಗಣಿಸಬೇಡಿ. ವೈದ್ಯರು ಹೇಳಿದ ದಿನ ಬೆಳಗಿನ ಸೂಜಿಯಿಂದ 12 ತಾಸು, ಎರಡು ತಾಸಿಗೊಮ್ಮೆ ಬರೆದಿಡಿ. ಅತಿ ಕೆಳಗಿನ ಸಂಖ್ಯೆ 80ರಿಂದ 150ರ ನಡುವೆ ಬಂದರೆ ಚೆನ್ನ. ಕರಾವಳಿಯ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ. ಒಂದನ್ನು ತೆಗೆದ ಕೂಡಲೇ ಡಬ್ಬಿ ಮುಚ್ಚಿ, ಬೇರೆ ಡಬ್ಬಿಗೆ ಸುರಿಯಬೇಡಿ.

ಸಕ್ಕರೆ 60ಕ್ಕಿಂತ ಇಳಿದರೆ, ಅಥವಾ ಬೆಕ್ಕು ತೂರಾಡಿದರೆ, ನಡುಗಿದರೆ, ಶೂನ್ಯದತ್ತ ನೋಡುತ್ತ ಕೂತರೆ ಮೀಟರ್ ಹುಡುಕುತ್ತ ಹೊತ್ತು ಕಳೆಯಬೇಡಿ. ಒಂದು ಟೀ ಚಮಚ ಗ್ಲೂಕೋಸ್ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ, ಅಥವಾ ಜೇನುತುಪ್ಪವನ್ನು, ಬೆರಳಿನಿಂದ ವಸಡಿಗೆ ತಿಕ್ಕಿ. ಜೋನಿ ಬೆಲ್ಲ ಮಾತ್ರ ಕೈಗೆ ಸಿಕ್ಕರೆ ಅದನ್ನೇ ನೆಕ್ಕಿಸಿ, ಆದರೆ ಗ್ಲೂಕೋಸಿನಷ್ಟು ಬೇಗ ಅದು ರಕ್ತಕ್ಕೆ ಹೋಗುವುದಿಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಸುರಿಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಬೆಕ್ಕು ಚೇತರಿಸಿಕೊಂಡ ಕೂಡಲೇ ಉಣಿಸಿ, ವೈದ್ಯರಿಗೆ ಫೋನ್ ಮಾಡಿ, ಕಾಲು ತಾಸಿಗೊಮ್ಮೆ ಮತ್ತೆ ನೋಡಿ. ಗ್ಲಾರ್ಜಿನ್ ತಾಸುಗಟ್ಟಲೆ ಕೆಲಸ ಮಾಡುವುದರಿಂದ ಸಕ್ಕರೆ ಮತ್ತೆ ಇಳಿಯುತ್ತದೆ. ಘಟ್ಟ ಇಳಿದು ಆಸ್ಪತ್ರೆಗೆ ಹೋಗಬೇಕಾದವರು ಗ್ಲೂಕೋಸ್ ಜೊತೆಗಿಟ್ಟುಕೊಂಡೇ ಹೊರಡಿ.

ಬೆಕ್ಕು ಉಣ್ಣದ ಹೊತ್ತು ಪೂರ್ತಿ ಡೋಸ್ ಕೊಡಬೇಡಿ. ಅರ್ಧ ಕೊಡಬೇಕೋ ಬಿಡಬೇಕೋ ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಒಂದು ದಿನ ಉಣ್ಣದೆ, ವಾಂತಿಯೂ ಇದ್ದು, ಮಂಕಾಗಿ ಮಲಗಿದರೆ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಇದೆಯೇ ನೋಡಿ. ಹೀರದ ಸಣ್ಣ ಜಲ್ಲಿಕಲ್ಲನ್ನು ತೊಳೆದು ಟ್ರೇಗೆ ಹಾಕಿದರೆ ಮೂತ್ರ ತಳದಲ್ಲಿ ನಿಲ್ಲುತ್ತದೆ, ಪಟ್ಟಿ ಅದ್ದಲು ಅಷ್ಟು ಸಾಕು. ಕೀಟೋನ್ ಬಂದು ಬೆಕ್ಕೂ ಮಂಕಾಗಿದ್ದರೆ ಬೆಳಗಾಗಲೆಂದು ಕಾಯುವ ಕಾಯಿಲೆ ಅಲ್ಲ ಅದು. ಡ್ರಿಪ್ ಬೇಕು, ಆ ರಾತ್ರಿಯೇ ಹೊರಡಿ.

ಬೇಗ ಗುರುತಿಸಿ, ಪಿಷ್ಟ ಕಡಿಮೆ ಮಾಡಿ, ಹೊತ್ತು ತಪ್ಪದೆ ಇನ್ಸುಲಿನ್ ಕೊಟ್ಟ ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಇನ್ಸುಲಿನ್ನೇ ಬೇಡವಾಗುತ್ತದೆ. ಹೆಚ್ಚಿನ ಡೋಸ್ ಇಲ್ಲದೆಯೂ ಸಕ್ಕರೆ ಕೆಳಗೇ ನಿಲ್ಲತೊಡಗಿದರೆ ವೈದ್ಯರು ಹಂತ ಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಆಮೇಲೂ ವಾರಕ್ಕೊಮ್ಮೆ ಮೂತ್ರದ ಪಟ್ಟಿ ನೋಡಿ, ತೂಕ ಬರೆದಿಡಿ. ಹಾಲನ್ನಕ್ಕೆ ಮರಳಿದರೆ ಅಥವಾ ಇನ್ನೊಂದು ಸ್ಟಿರಾಯ್ಡ್ ಚುಚ್ಚುಮದ್ದು ಬಿದ್ದರೆ ಕಾಯಿಲೆ ಮತ್ತೆ ಬರಬಹುದು.